ಒಂದೇ ಗಂಟಿನಲ್ಲಿ ಎರಡು ಬಗೆಯ ಲಿಂಫೋಮಾ: ಯಾವ ವರದಿಯನ್ನು ನಂಬಬೇಕು, ಚಿಕಿತ್ಸೆ ಯಾವುದಕ್ಕೆ?

ಪ್ರಶ್ನೆ: ಶ್ರೀನಿವಾಸಪುರದಿಂದ

ನಮ್ಮದು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕು. ತಂದೆಯವರಿಗೆ 61 ವರ್ಷ. ನಾಲ್ಕು ಎಕರೆ ಮಾವಿನ ತೋಪು ನೋಡಿಕೊಂಡಿದ್ದಾರೆ. ಕಳೆದ ಸುಗ್ಗಿಯಲ್ಲಿ ತೋತಾಪುರಿ ಕೀಳಿಸುತ್ತಿದ್ದ ಹೊತ್ತಿಗೆ ಅವರ ಕುತ್ತಿಗೆಯ ಬಲಭಾಗದಲ್ಲಿ ಹುಣಸೆ ಬೀಜದಷ್ಟು ದಪ್ಪದ ಗಂಟೊಂದು ಕೈಗೆ ಸಿಕ್ಕಿತು. ನೋವಿಲ್ಲದ ಕಾರಣ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮನೆಯ ಹಿರಿಯರು ಗಂಡಮಾಲೆ ಎಂದು ಹೇಳಿ ಲೇಪ ಹಚ್ಚಿಸಿದರು. ಎರಡು ತಿಂಗಳಲ್ಲಿ ಗಂಟು ನೆಲ್ಲಿಕಾಯಿಯಷ್ಟಾಯಿತು. ಸಂಜೆಯಾದರೆ ಜ್ವರ, ರಾತ್ರಿ ಬನಿಯನ್ ಹಿಂಡಿದರೆ ನೀರು ಬರುವಷ್ಟು ಬೆವರು, ಜೊತೆಗೆ ತೂಕ 68ರಿಂದ 60 ಕಿಲೋಗೆ ಇಳಿಯಿತು.

ಆಗ ತೋರಿಸಿದ ಒಂದು ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ ಪರೀಕ್ಷೆ ಮಾಡಿ, ಗ್ರ್ಯಾನ್ಯುಲೋಮಾ (ರೋಗನಿರೋಧಕ ಕೋಶಗಳ ಗುಚ್ಛ) ಕಾಣಿಸಿದೆ, ಕ್ಷಯವಿರಬಹುದು ಎಂದು ಬರೆದುಕೊಟ್ಟರು. ಕಫದಲ್ಲಿ ಏನೂ ಸಿಗದಿದ್ದರೂ ಕ್ಷಯದ ಮಾತ್ರೆಗಳನ್ನು ಶುರುಮಾಡಿದರು. ಎರಡು ತಿಂಗಳು ನುಂಗಿದರೂ ಗಂಟು ಕರಗಲಿಲ್ಲ. ಕೊನೆಗೆ ಶಸ್ತ್ರವೈದ್ಯರೊಬ್ಬರು ಇಡೀ ಗಂಟನ್ನೇ ತೆಗೆದು ಬಯಾಪ್ಸಿಗೆ ಕಳುಹಿಸಿದರು. ಮೊದಲ ಲ್ಯಾಬಿನವರು ‘ಫಾಲಿಕ್ಯುಲರ್ ಲಿಂಫೋಮಾ’, ಅಂದರೆ ದುಗ್ಧಗ್ರಂಥಿಯ ಒಂದು ಬಗೆಯ ಕ್ಯಾನ್ಸರ್, ಎಂದು ವರದಿ ಕೊಟ್ಟರು. ಅದೇ ಸ್ಲೈಡುಗಳನ್ನು ಬೆಂಗಳೂರಿಗೆ ಒಯ್ದು ತೋರಿಸಿದಾಗ ಅಲ್ಲಿನವರು ‘ಕಾಂಪೋಸಿಟ್ ಲಿಂಫೋಮಾ: ಫಾಲಿಕ್ಯುಲರ್ ಲಿಂಫೋಮಾ ಮತ್ತು ಕ್ಲಾಸಿಕ್ ಹಾಡ್ಜ್‌ಕಿನ್ ಲಿಂಫೋಮಾ; ಬ್ಲಾಕ್ ತರಿಸಿ ಹೆಚ್ಚಿನ ಪರೀಕ್ಷೆ ಮಾಡುವುದು ಸೂಕ್ತ’ ಎಂದು ಬರೆದಿದ್ದಾರೆ.

ಒಬ್ಬ ಮನುಷ್ಯನ ಒಂದೇ ಗಂಟಿನಲ್ಲಿ ಎರಡು ಕ್ಯಾನ್ಸರ್ ಇರುವುದು ಸಾಧ್ಯವೇ, ಅಥವಾ ಇಬ್ಬರಲ್ಲಿ ಒಬ್ಬರು ತಪ್ಪಿದ್ದಾರೆಯೇ? ಎರಡೂ ಇರುವುದು ನಿಜವಾದರೆ ಎರಡಕ್ಕೂ ಬೇರೆ ಬೇರೆ ಕೀಮೋ ಕೊಡುತ್ತಾರೆಯೇ? ಮುಂದಿನ ವಾರವೇ ಮೊದಲ ಕೀಮೋ ಎಂದು ಒಂದು ಕಡೆ ದಿನಾಂಕ ಕೊಟ್ಟಿದ್ದಾರೆ. ಬ್ಲಾಕ್ ತರಿಸುವುದಕ್ಕಾಗಿ ಅದನ್ನು ಮುಂದೂಡಿದರೆ ತಂದೆಯವರಿಗೆ ತೊಂದರೆಯಾಗುತ್ತದೆಯೇ ಎಂಬ ಭಯವಿದೆ. ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ 1: ಪೆಥಾಲಜಿ ವೈದ್ಯೆ, ತುಮಕೂರು

ನಾನು ಪೆಥಾಲಜಿ ಕಲಿಸುವವಳು. ತಮ್ಮ ತಂದೆಯವರ ಸ್ಲೈಡುಗಳನ್ನು ನೋಡದೆ ತೀರ್ಪು ಹೇಳಲಾರೆ; ಆದರೆ ಇಬ್ಬರಲ್ಲಿ ಒಬ್ಬರು ತಪ್ಪಿರಲೇಬೇಕು ಎಂದೇನಿಲ್ಲ.

ಗಂಟನ್ನು ಫಾರ್ಮಲಿನ್‌ನಲ್ಲಿ ನೆನೆಸಿ, ತುಂಡು ಮಾಡಿ, ಮೇಣದಲ್ಲಿ ಹುದುಗಿಸಿ ಬ್ಲಾಕ್ ಮಾಡುತ್ತೇವೆ. ಆ ಬ್ಲಾಕಿನಿಂದ ಮೂರು ನಾಲ್ಕು ಮೈಕ್ರಾನ್ ದಪ್ಪದ ಪದರವನ್ನು ಕೊಯ್ದು ಗಾಜಿನ ಮೇಲೆ ಹರಡಿದರೆ ಅದೇ ಸ್ಲೈಡ್. ಎರಡು ಸೆಂಟಿಮೀಟರ್ ಗಂಟಿನಲ್ಲಿ ಇಂಥ ಸಾವಿರಾರು ಪದರಗಳಿಗೆ ಜಾಗವಿದೆ, ನಾವು ನೋಡುವುದು ಕೆಲವನ್ನು ಮಾತ್ರ. ಹಾಡ್ಜ್‌ಕಿನ್ ಕಾಯಿಲೆಯ ವಿಚಿತ್ರವೆಂದರೆ ಅದರ ಗಂಟಿನಲ್ಲಿ ನಿಜವಾದ ಕ್ಯಾನ್ಸರ್ ಕೋಶಗಳು ತೀರ ಕಡಿಮೆ. ಉಳಿದದ್ದೆಲ್ಲ ಅವುಗಳ ಸುತ್ತ ನೆರೆದ ಲಿಂಫೋಸೈಟ್, ಇಯೊಸಿನೊಫಿಲ್, ಪ್ಲಾಸ್ಮಾ ಎಂಬ ರೋಗನಿರೋಧಕ ಕೋಶಗಳ ಜಾತ್ರೆ. ಹೀಗಾಗಿ ಫಾಲಿಕ್ಯುಲರ್ ಭಾಗವೇ ಎದ್ದು ಕಾಣುವ ಗಂಟಿನಲ್ಲಿ, ಮೂಲೆಯಲ್ಲಿ ಕುಳಿತ ಹಾಡ್ಜ್‌ಕಿನ್ ಭಾಗ ಮೊದಲ ನೋಟಕ್ಕೆ ತಪ್ಪಿಹೋಗುವುದು ಸಾಧ್ಯ.

ಒಂದೇ ಅಂಗದಲ್ಲಿ ಸ್ಪಷ್ಟವಾಗಿ ಬೇರೆಬೇರೆಯಾದ ಎರಡು ಲಿಂಫೋಮಾಗಳು ಒಟ್ಟಿಗೆ ಕಂಡರೆ ಅದನ್ನು ಕಾಂಪೋಸಿಟ್ ಲಿಂಫೋಮಾ ಎನ್ನುತ್ತೇವೆ. ಈ ಹೆಸರು 1954ರಿಂದ ಬಳಕೆಯಲ್ಲಿದೆ. ಇಂದಿನ ಅರ್ಥಕ್ಕೆ ಹತ್ತಿರವಾದ ವ್ಯಾಖ್ಯೆ 1977ರಲ್ಲಿ ಬಂತು. ಒಟ್ಟು ಲಿಂಫೋಮಾಗಳಲ್ಲಿ ಇವು ಶೇಕಡಾ 1ರಿಂದ 4.7ರಷ್ಟು ಎಂಬ ಲೆಕ್ಕ ವೈದ್ಯಕೀಯ ಬರಹಗಳಲ್ಲಿ ಸಿಗುತ್ತದೆ, ಆದರೆ ಯಾರು ಯಾವುದನ್ನು ಕಾಂಪೋಸಿಟ್ ಎಂದು ಎಣಿಸುತ್ತಾರೆ ಎಂಬುದರ ಮೇಲೆ ಆ ಲೆಕ್ಕ ಬದಲಾಗುತ್ತದೆ. ಕುತ್ತಿಗೆಯಲ್ಲಿ ಒಂದು ಬಗೆ, ಮೂಳೆಮಜ್ಜೆಯಲ್ಲಿ ಇನ್ನೊಂದು ಬಗೆ ಸಿಕ್ಕರೆ ಅದಕ್ಕೆ ಡಿಸ್ಕಾರ್ಡೆಂಟ್ ಲಿಂಫೋಮಾ ಎಂಬ ಬೇರೆ ಹೆಸರಿದೆ. ನಿಧಾನಗತಿಯ ಫಾಲಿಕ್ಯುಲರ್ ಲಿಂಫೋಮಾ ಕಾಲಕ್ರಮದಲ್ಲಿ ದೊಡ್ಡ ಕೋಶಗಳ ಉಗ್ರ ಲಿಂಫೋಮಾ ಆಗಿ ತಿರುಗುವುದು ರೂಪಾಂತರ. ಎರಡೂ ಹಂತಗಳು ಒಂದೇ ಗಂಟಿನಲ್ಲಿ ಕಂಡಾಗ ಅದನ್ನೂ ಕೆಲವರು ಕಾಂಪೋಸಿಟ್ ಎಂದೇ ಬರೆಯುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ, ಆದರೆ ಆ ಜಗಳ ತಮಗೆ ಬೇಡ.

ತಮ್ಮ ತಂದೆಯವರ ವಿಷಯದಲ್ಲಿ ನಾನು ಹೇಗೆ ನೋಡುತ್ತಿದ್ದೆ ಎಂದು ಹೇಳುತ್ತೇನೆ. ಕಡಿಮೆ ಹಿಗ್ಗಿಸಿ ನೋಡಿದಾಗ ಫಾಲಿಕ್ಯುಲರ್ ಭಾಗವು ತಟ್ಟೆಯಲ್ಲಿ ಮುದ್ದೆಗಳನ್ನು ಒತ್ತೊತ್ತಾಗಿ ಜೋಡಿಸಿದಂತೆ ಕಾಣುತ್ತದೆ. ಆ ಮುದ್ದೆಗಳ ಕೋಶಗಳು ಸಿಡಿ20, ಸಿಡಿ10, ಬಿಸಿಎಲ್6 ಮತ್ತು ಬಿಸಿಎಲ್2 ಎಂಬ ಪ್ರೋಟೀನುಗಳನ್ನು ಗುರುತಿಸುವ ಬಣ್ಣಗಳನ್ನು ಹೀರಿರಬೇಕು. ಆರೋಗ್ಯವಂತ ಗ್ರಂಥಿಯ ಮುದ್ದೆಯ ನಡುಭಾಗ ಬಿಸಿಎಲ್2 ಹೀರುವುದಿಲ್ಲ, ಆದ್ದರಿಂದ ಅದೊಂದು ಬಣ್ಣಕ್ಕೆ ಇಲ್ಲಿ ಹೆಚ್ಚು ಬೆಲೆ. ಮುದ್ದೆಗಳ ನಡುವಿನ ಅಥವಾ ಪಕ್ಕದ ಪ್ರದೇಶದಲ್ಲಿ, ಎರಡು ಕೇಂದ್ರಗಳೂ ಪ್ರತಿಯೊಂದರಲ್ಲಿ ಕೆಂಪು ಚುಕ್ಕೆಯೂ ಇರುವ, ನಾವು ವಿದ್ಯಾರ್ಥಿಗಳಿಗೆ ಗೂಬೆ ಕಣ್ಣು ಎಂದು ತೋರಿಸುವ ರೀಡ್-ಸ್ಟರ್ನ್‌ಬರ್ಗ್ ಕೋಶಗಳನ್ನು ಹುಡುಕುತ್ತೇನೆ. ಅವು ಸಿಡಿ30 ಗಟ್ಟಿಯಾಗಿ, ಬಹುಪಾಲು ಸಂದರ್ಭಗಳಲ್ಲಿ ಸಿಡಿ15 ಸಹ ಹೀರಬೇಕು, ಪ್ಯಾಕ್ಸ್5 ತೆಳುವಾಗಿ ಬರಬೇಕು, ಸಿಡಿ20 ಇಲ್ಲದಿರಬೇಕು ಅಥವಾ ಅಲ್ಲಲ್ಲಿ ಮಾಸಲಾಗಿರಬೇಕು, ಸಿಡಿ45 ಇರಬಾರದು.

ಎಡವುವುದು ಇಲ್ಲಿಯೇ. ಸಿಡಿ30 ಕಂಡ ಮಾತ್ರಕ್ಕೆ ಅದು ಹಾಡ್ಜ್‌ಕಿನ್ ಅಲ್ಲ. ವೈರಸ್ ಸೋಂಕಿನಲ್ಲಿ ಕೆರಳಿದ ದೊಡ್ಡ ಲಿಂಫೋಸೈಟುಗಳೂ ಸಿಡಿ30 ಹೀರುತ್ತವೆ. ಫಾಲಿಕ್ಯುಲರ್ ಲಿಂಫೋಮಾದಲ್ಲೇ ಗೂಬೆ ಕಣ್ಣಿನಂತಹ ಕೋಶಗಳು ಅಲ್ಲೊಂದು ಇಲ್ಲೊಂದು ಇರಬಹುದು. ಎರಡನೆಯ ಲಿಂಫೋಮಾ ಎಂದು ಕರೆಯಬೇಕಾದರೆ ಆ ಕೋಶಗಳೂ, ಅವುಗಳ ಸುತ್ತಣ ಹಾಡ್ಜ್‌ಕಿನ್‌ಗೆ ತಕ್ಕ ಹಿನ್ನೆಲೆಯೂ, ಬಣ್ಣಗಳ ಪೂರ್ತಿ ಗುಂಪೂ ಒಟ್ಟಿಗೆ ಹೊಂದಬೇಕು. ಕೆಲವು ಲಿಂಫೋಮಾಗಳ ಜೊತೆ ಕಾಣುವ ಇಬಿವಿ (ಎಪ್ಸ್ಟೀನ್-ಬಾರ್) ವೈರಸ್ಸಿನ ಗುರುತು ಹಿಡಿಯುವ ಇಬರ್ ಪರೀಕ್ಷೆಯನ್ನೂ ಮಾಡಿಸಬೇಕು. ಬೆಂಗಳೂರಿನವರು ಬ್ಲಾಕ್ ಕೇಳಿರುವುದು ಬಹುಶಃ ಇದಕ್ಕೇ. ಬಣ್ಣ ಹಾಕಿ ಮುಗಿದ ಹಳೆಯ ಸ್ಲೈಡುಗಳ ಮೇಲೆ ಈ ಎಲ್ಲ ಪರೀಕ್ಷೆಗಳನ್ನು ಮತ್ತೆ ಮಾಡಲಾಗುವುದಿಲ್ಲ.

ಬ್ಲಾಕ್ ಎಂದರೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಪ್ಲಾಸ್ಟಿಕ್ ಚೌಕಟ್ಟು. ಅದರೊಳಗೆ ಬಿಳಿ ಮೇಣ, ಮೇಣದಲ್ಲಿ ಕಂದು ಬಣ್ಣದ ಚೂರು, ಅಂಚಿನಲ್ಲಿ ಲ್ಯಾಬಿನ ನಂಬರು. ಲಿಖಿತ ಅರ್ಜಿ ಕೊಟ್ಟು ತರಬಹುದು. ಆ ನಂಬರು ವರದಿಯ ನಂಬರಿಗೆ ತಾಳೆಯಾಗುತ್ತದೆಯೇ ಎಂದು ಅಲ್ಲಿಯೇ ನೋಡಿಕೊಳ್ಳಿ. ಒಂದಕ್ಕಿಂತ ಹೆಚ್ಚು ಬ್ಲಾಕ್ ಇದ್ದರೆ ಎಲ್ಲವನ್ನೂ ಕೇಳಿ, ಏಕೆಂದರೆ ಹಾಡ್ಜ್‌ಕಿನ್ ಭಾಗ ಯಾವುದರಲ್ಲಿದೆಯೋ ಹೇಳಲಾಗದು. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಮಾತ್ರ ಇಡಬೇಡಿ, ಮೇಣ ಮೆತ್ತಗಾಗುತ್ತದೆ.

ಕ್ಷಯದ ಬಗ್ಗೆ ಒಂದು ಮಾತು. ಹಾಡ್ಜ್‌ಕಿನ್ ಗಂಟಿನಲ್ಲಿಯೂ ಗ್ರ್ಯಾನ್ಯುಲೋಮಾ ಇರಬಹುದು. ಸೂಜಿಯ ತುದಿಗೆ ಅದಷ್ಟೇ ಸಿಕ್ಕರೆ ಕ್ಷಯವೆಂದು ತೋರುವುದು ನಮ್ಮ ನಾಡಿನಲ್ಲಿ ಸಹಜ, ಹಾಗಾಗಿ ಮೊದಲ ವೈದ್ಯರನ್ನು ಪೂರ್ತಿ ದೂರುವಂತಿಲ್ಲ. ಆದರೆ ರೋಗಾಣು ಕಾಣದಿದ್ದಾಗ ಇಡೀ ಗಂಟನ್ನು ತೆಗೆದು, ಅರ್ಧವನ್ನು ಫಾರ್ಮಲಿನ್‌ಗೂ ಅರ್ಧವನ್ನು ಫಾರ್ಮಲಿನ್ ತಾಗಿಸದೆ ಕ್ಷಯದ ಕಲ್ಚರ್ (ರೋಗಾಣುವನ್ನು ಬೆಳೆಸಿ ನೋಡುವುದು) ಮತ್ತು ಸಿಬಿನ್ಯಾಟ್ (ರೋಗಾಣುವಿನ ಜೀನ್ ಹುಡುಕುವುದು) ಪರೀಕ್ಷೆಗೂ ಕಳುಹಿಸಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು.

ಉತ್ತರ 2: ಕ್ಯಾನ್ಸರ್ ವೈದ್ಯ, ಮುಳಬಾಗಿಲು ಮೂಲ, ಈಗ ಬೆಂಗಳೂರು

ಮೇಡಂ ಅವರು ರೋಗನಿರ್ಣಯದ ಭಾಗವನ್ನು ಹೇಳಿದ್ದಾರೆ. ಚಿಕಿತ್ಸೆಯ ಮಾತಿಗೆ ಬರುತ್ತೇನೆ.

ಮೊದಲು ತಮ್ಮ ಭಯದ ಬಗ್ಗೆ. ಉಸಿರಾಟದ ದಾರಿ ಒತ್ತಿಹೋಗುವುದು, ಮುಖ ಊದುವುದು, ಮೂತ್ರಪಿಂಡ ಕೈಕೊಡುವುದು ಮುಂತಾದ ತುರ್ತು ಇಲ್ಲದಿದ್ದರೆ, ಸರಿಯಾದ ಹೆಸರು ತಿಳಿಯಲು ಒಂದೆರಡು ವಾರ ಕಾಯುವುದರಿಂದ ಆಗುವ ನಷ್ಟಕ್ಕಿಂತ, ತಪ್ಪು ಔಷಧ ಶುರುಮಾಡುವುದರಿಂದ ಆಗುವ ನಷ್ಟ ದೊಡ್ಡದು. ಮೊದಲ ಸೈಕಲ್ (ಕೀಮೋದ ಒಂದು ಸುತ್ತು) ಒಳಗೆ ಹೋದ ಮೇಲೆ ಉಳಿದ ಗಂಟುಗಳು ಕುಗ್ಗುತ್ತವೆ, ಮತ್ತೆ ಬಯಾಪ್ಸಿ ಮಾಡಿದರೂ ಓದುವುದು ಕಷ್ಟ. ಬರಿಯ ಸ್ಟಿರಾಯ್ಡ್ ಮಾತ್ರೆಯೂ ಇದೇ ಕೆಲಸ ಮಾಡುತ್ತದೆ. ಕಾಯುವ ದಿನಗಳಲ್ಲಿ ‘ಸುಸ್ತಿಗೆ’ ಎಂದು ಊರಿನಲ್ಲಿ ಯಾರಾದರೂ ಸ್ಟಿರಾಯ್ಡ್ ಕೊಡದಂತೆ ನೋಡಿಕೊಳ್ಳಿ.

ಆ ದಿನಗಳು ಸುಮ್ಮನೆ ಹೋಗಬೇಕಾಗಿಲ್ಲ. ಸಕ್ಕರೆಯನ್ನು ಚುರುಕಾಗಿ ಬಳಸುವ ಕೋಶಗಳು ಹೊಳೆದು ಕಾಣುವ ಪೆಟ್-ಸಿಟಿ ಸ್ಕ್ಯಾನ್ ಆಗಬೇಕು. ಅದರಲ್ಲಿ, ಉದಾಹರಣೆಗೆ, ಕುತ್ತಿಗೆಗಿಂತ ಹೊಟ್ಟೆಯಲ್ಲಿನ ಗಂಟೊಂದು ಬಹಳ ಹೆಚ್ಚು ಹೊಳೆದರೆ ಅಲ್ಲಿ ಉಗ್ರವಾದ ಬೇರೆಯೇ ಕೋಶಗಳಿವೆಯೇ ಎಂದು ಅನುಮಾನಿಸಿ ಅಲ್ಲಿಂದಲೂ ತುಂಡು ತೆಗೆಯಬೇಕಾಗಬಹುದು. ಮೂಳೆಮಜ್ಜೆ ಪರೀಕ್ಷೆ, ಹೃದಯದ ಎಕೋ, ಎಲ್‌ಡಿಎಚ್, ಯೂರಿಕ್ ಆಮ್ಲ, ಎಚ್‌ಐವಿ ರಕ್ತಪರೀಕ್ಷೆಗಳು ಆಗಬೇಕು. ಹೆಪಟೈಟಿಸ್ ಬಿ ಪರೀಕ್ಷೆಯಲ್ಲಿ ಮೇಲ್ಮೈ ಆಂಟಿಜನ್ ಒಂದನ್ನೇ ನೋಡಿದರೆ ಸಾಲದು, ಹಿಂದೆ ಸೋಂಕು ಬಂದುಹೋಗಿದ್ದರೆ ತೋರಿಸುವ ಕೋರ್ ಆಂಟಿಬಾಡಿಯನ್ನೂ ನೋಡಬೇಕು. ಬಿ ಕೋಶ ಎಂಬ ಬಗೆಯ ಲಿಂಫೋಸೈಟುಗಳ ಮೈಮೇಲಿನ ಸಿಡಿ20ಗೆ ಅಂಟಿ ಅವನ್ನು ಕೊಲ್ಲುವ ರಿಟುಕ್ಸಿಮ್ಯಾಬ್ ಎಂಬ ಔಷಧವು ಹಿಂದೆಂದೋ ಬಂದು ಯಕೃತ್ತಿನಲ್ಲಿ ಮಲಗಿರುವ ಈ ವೈರಸ್ಸನ್ನು ಎಬ್ಬಿಸಬಲ್ಲದು, ಅದು ಪ್ರಾಣಕ್ಕೂ ಬರಬಹುದು. ಗೊತ್ತಿದ್ದರೆ ಎಂಟೆಕಾವಿರ್‌ನಂತಹ ಮಾತ್ರೆಯನ್ನು ಚಿಕಿತ್ಸೆಯುದ್ದಕ್ಕೂ, ಮುಗಿದ ಮೇಲೆ ಕನಿಷ್ಠ ಒಂದು ವರ್ಷವೂ ಕೊಟ್ಟು ತಡೆಯಬಹುದು.

ಈಗ ‘ಎರಡಕ್ಕೂ ಬೇರೆ ಬೇರೆ ಕೀಮೋ’ ಎಂಬ ಪ್ರಶ್ನೆ. ಫಾಲಿಕ್ಯುಲರ್ ಲಿಂಫೋಮಾ ನಿಧಾನಿ. ಅದೊಂದೇ ಇದ್ದು ತೊಂದರೆ ಕೊಡದಿದ್ದರೆ ಔಷಧವಿಲ್ಲದೆ ವರ್ಷಗಟ್ಟಲೆ ಕಾದು ನೋಡುವುದೂ ಉಂಟು. ಹಬ್ಬಿದ ಹಂತದಲ್ಲಿ ಅದು ಬೇರುಸಹಿತ ಹೋಗುವುದು ಅಪರೂಪವಾದರೂ ಬಹುಕಾಲ ಹಿಡಿತದಲ್ಲಿರುತ್ತದೆ. ಕ್ಲಾಸಿಕ್ ಹಾಡ್ಜ್‌ಕಿನ್ ಹಾಗಲ್ಲ; ಬಿಟ್ಟರೆ ಬೆಳೆಯುತ್ತದೆ, ಸರಿಯಾಗಿ ಹಿಡಿದರೆ ಬಹಳಷ್ಟು ಜನರಲ್ಲಿ ಪೂರ್ತಿ ವಾಸಿಯಾಗುತ್ತದೆ. ಆದ್ದರಿಂದ ಅವಸರದ್ದಕ್ಕೆ ತಕ್ಕಂತೆ ಚಿಕಿತ್ಸೆ ಕಟ್ಟಿ, ನಿಧಾನಿಯೂ ಅದರಲ್ಲೇ ಸಿಕ್ಕಿಬೀಳುವಂತೆ ನೋಡುತ್ತೇವೆ. ಕಾಯಿಲೆ ಇಷ್ಟು ಅಪರೂಪವಾಗಿರುವುದರಿಂದ ಎರಡು ಚಿಕಿತ್ಸೆಗಳನ್ನು ದೊಡ್ಡ ಪ್ರಮಾಣದಲ್ಲಿ ಹೋಲಿಸಿ ನೋಡಿದ ಪ್ರಯೋಗಗಳ ಆಸರೆ ನಮಗಿಲ್ಲ; ಒಬ್ಬೊಬ್ಬ ರೋಗಿಯ ವರದಿಗಳನ್ನೂ ಸಣ್ಣ ಗುಂಪುಗಳ ಅನುಭವವನ್ನೂ ಇಟ್ಟುಕೊಂಡೇ ತೀರ್ಮಾನಿಸುತ್ತೇವೆ.

ಹಾಡ್ಜ್‌ಕಿನ್‌ಗೆ ರೂಢಿಯ ಔಷಧಗುಚ್ಛ ಎಬಿವಿಡಿ: ಡಾಕ್ಸೊರುಬಿಸಿನ್, ಬ್ಲಿಯೋಮೈಸಿನ್, ವಿನ್‌ಬ್ಲಾಸ್ಟಿನ್, ಡಕಾರ್ಬಜಿನ್. ಬಿ ಕೋಶಗಳ ಲಿಂಫೋಮಾಗಳಿಗೆ ಆರ್-ಚಾಪ್: ರಿಟುಕ್ಸಿಮ್ಯಾಬ್, ಸೈಕ್ಲೋಫಾಸ್ಫಮೈಡ್, ಡಾಕ್ಸೊರುಬಿಸಿನ್, ವಿನ್‌ಕ್ರಿಸ್ಟಿನ್, ಪ್ರೆಡ್ನಿಸೊಲೋನ್. ಎರಡನ್ನೂ ಪೂರ್ತಿಯಾಗಿ ಒಂದರ ಹಿಂದೊಂದು ಏಕೆ ಕೊಡುವಂತಿಲ್ಲ ಎಂಬುದಕ್ಕೆ ಒಂದು ಲೆಕ್ಕ ಸಾಕು. ಆರ್-ಚಾಪ್‌ನ ಪ್ರತಿ ಸೈಕಲ್‌ನಲ್ಲಿ ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 50 ಮಿಲಿಗ್ರಾಂ ಡಾಕ್ಸೊರುಬಿಸಿನ್ ಇರುತ್ತದೆ. ಆರು ಸೈಕಲ್‌ಗೆ 300. ಎಬಿವಿಡಿಯಲ್ಲಿ ಹದಿನೈದು ದಿನಕ್ಕೊಮ್ಮೆ 25ರಂತೆ ಹನ್ನೆರಡು ಸಲ, ಅದೂ 300. ಕೂಡಿದರೆ 600. ಒಬ್ಬ ಮನುಷ್ಯನಿಗೆ ಆಯುಷ್ಯಪೂರ್ತಿಯಾಗಿ 450ರಿಂದ 550ನ್ನು ಮೀರಬಾರದು, ಮೀರಿದರೆ ಹೃದಯದ ಸ್ನಾಯು ಸೋಲುವ ಅಪಾಯ ಏರುತ್ತದೆ. ಲಿಂಫೋಮಾ ಗೆದ್ದು ಹೃದಯ ಕಳೆದುಕೊಂಡರೆ ಏನು ಬಂತು?

ಹೀಗಾಗಿ ಕೆಲವರು ಎಬಿವಿಡಿಗೆ ರಿಟುಕ್ಸಿಮ್ಯಾಬ್ ಸೇರಿಸುತ್ತಾರೆ, ಕೆಲವರು ಆರ್-ಚಾಪ್‌ನಿಂದಲೇ ಎರಡನ್ನೂ ಹೊಡೆಯುತ್ತಾರೆ. ತಂದೆಯವರಿಗೆ 61 ವರ್ಷ ಎಂದಿದ್ದೀರಿ. ಅರವತ್ತು ದಾಟಿದವರಲ್ಲಿ ಬ್ಲಿಯೋಮೈಸಿನ್ ಶ್ವಾಸಕೋಶವನ್ನು ಕೆಡಿಸುವ ಸಂಭವ ಹೆಚ್ಚು. ನಾನಾದರೆ ಅದನ್ನು ಬಿಡುವ ಅಥವಾ ಮೊದಲ ಎರಡು ಸೈಕಲ್‌ಗೇ ನಿಲ್ಲಿಸುವ ಕಡೆಗೆ ವಾಲುತ್ತೇನೆ. ಸಿಡಿ30 ಹೊತ್ತ ಕೋಶಗಳನ್ನೇ ಗುರಿಯಿಡುವ ಬ್ರೆಂಟುಕ್ಸಿಮ್ಯಾಬ್ ವೆಡೋಟಿನ್ ಕೂಡ ಇದೆ, ಆದರೆ ಅದರ ಬೆಲೆ ಎಲ್ಲರ ಕೈಗೆಟುಕುವಂಥದ್ದಲ್ಲ. ಎರಡು ಸೈಕಲ್ ಆದ ಮೇಲೆ ಮತ್ತೆ ಪೆಟ್ ಸ್ಕ್ಯಾನ್ ಮಾಡಿ, ಡೋವಿಲ್ ಎಂಬ ಐದು ಅಂಕಗಳ ಅಳತೆಯಲ್ಲಿ ಎಷ್ಟು ಆರಿದೆ ಎಂದು ನೋಡಿ ಮುಂದಿನ ಹೆಜ್ಜೆ ಇಡುತ್ತೇವೆ.

ಒಂದು ವಿಷಯದಲ್ಲಿ ಮೇಡಂ ಅವರನ್ನು ಕೇಳಬೇಕು. ಎರಡು ಭಾಗಗಳೂ ಒಂದೇ ಮೂಲ ಕೋಶದ ಸಂತಾನವೇ ಎಂದು ತಿಳಿಯುವ ಕ್ಲೋನಾಲಿಟಿ ಪರೀಕ್ಷೆಯನ್ನು ಇತ್ತೀಚೆಗೆ ಕೆಲವರು ಎಲ್ಲರಿಗೂ ಬರೆಯುತ್ತಿದ್ದಾರೆ. ಮಾವು ಮಾರಿದ ಹಣದಲ್ಲಿ ಚಿಕಿತ್ಸೆ ಮಾಡಿಸುವ ಕುಟುಂಬಕ್ಕೆ ಅದರಿಂದ ಏನು ಉಪಯೋಗ?

ಉತ್ತರ 3: ಪೆಥಾಲಜಿ ವೈದ್ಯೆ, ತುಮಕೂರು

ಡಾಕ್ಟರೇ, ತಮ್ಮ ಆಕ್ಷೇಪ ಅರ್ಧ ಸರಿ. ಫಾಲಿಕ್ಯುಲರ್ ಮತ್ತು ಹಾಡ್ಜ್‌ಕಿನ್ ಜೋಡಿಯಲ್ಲಿ ಎರಡರ ಬಣ್ಣಗಳೂ ಸ್ಪಷ್ಟವಾಗಿದ್ದರೆ, ಲೇಸರ್‌ನಿಂದ ಕೋಶಗಳನ್ನು ಒಂದೊಂದಾಗಿ ಕೊಯ್ದು ಬಿ ಕೋಶಗಳ ವಂಶದ ಗುರುತಿನಂತಿರುವ ಇಮ್ಯುನೋಗ್ಲಾಬ್ಯುಲಿನ್ ಜೀನನ್ನು ಓದಿಸುವುದು ಚಿಕಿತ್ಸೆಯನ್ನು ಬದಲಿಸುವುದಿಲ್ಲ. ರೀಡ್-ಸ್ಟರ್ನ್‌ಬರ್ಗ್ ಕೋಶಗಳು ಮೂಲದಲ್ಲಿ ಬಿ ಕೋಶಗಳೇ ಎಂದು 1990ರ ದಶಕದಲ್ಲಿ ಖಚಿತವಾದದ್ದು ಅಂತಹ ಸೂಕ್ಷ್ಮ ಕೆಲಸದಿಂದ. ಈ ಜೋಡಿಯ ಹಲವು ರೋಗಿಗಳಲ್ಲಿ ಎರಡೂ ಒಂದೇ ಪೂರ್ವಜ ಕೋಶದಿಂದ ಕವಲೊಡೆದವು ಎಂದು ತೋರಿದ್ದೂ ಹಾಗೆಯೇ. ಜ್ಞಾನಕ್ಕೆ ಅದು ದೊಡ್ಡದು, ಈ ಕುಟುಂಬಕ್ಕೆ ಅನಿವಾರ್ಯವಲ್ಲ.

ಆದರೆ ಬಿ ಮತ್ತು ಟಿ ಎಂಬ ಎರಡು ಬಗೆಯ ಲಿಂಫೋಸೈಟುಗಳ ಲಿಂಫೋಮಾ ಜೋಡಿ ಎಂಬ ಅನುಮಾನವಿದ್ದಾಗ ನಾನು ಜೀನ್ ಪರೀಕ್ಷೆ ಕೇಳಿಯೇ ಕೇಳುತ್ತೇನೆ. ಅಲ್ಲಿ ಒಂದು ಭಾಗ ನಿಜವಾದ ಲಿಂಫೋಮಾ, ಇನ್ನೊಂದು ಬರಿಯ ಪ್ರತಿಕ್ರಿಯೆ ಎಂಬ ಗೊಂದಲ ಸದಾ ಇರುತ್ತದೆ. ಬಣ್ಣಗಳಿಂದ ಮಾತ್ರ ಬಗೆಹರಿಯುವುದಿಲ್ಲ. 14 ಮತ್ತು 18ನೇ ಕ್ರೋಮೋಸೋಮ್‌ಗಳ ಅದಲುಬದಲನ್ನು ನೋಡುವ ಫಿಶ್ ಪರೀಕ್ಷೆ ಫಾಲಿಕ್ಯುಲರ್ ಭಾಗ ಅನುಮಾನಾಸ್ಪದವಾಗಿದ್ದಾಗ ಉಪಯೋಗಕ್ಕೆ ಬರುತ್ತದೆ. ಸಾಲಾಗಿ ಎಲ್ಲರಿಗೂ ಬೇಡ.

ಉತ್ತರ 4: ನಿವೃತ್ತ ಶಿಕ್ಷಕ, ಚಿಕ್ಕಬಳ್ಳಾಪುರ

ನಾನು ವೈದ್ಯನಲ್ಲ. ಮೇಡಂ ಹೇಳಿದ ಬಿ ಮತ್ತು ಟಿ ಜೋಡಿ ನನ್ನ ಹೆಂಡತಿಗೆ ಬಂದದ್ದು, ಆದ್ದರಿಂದ ಬರೆಯುತ್ತಿದ್ದೇನೆ. ಆಕೆಗೆ ಆಗ 54 ವರ್ಷ. ಆಂಜಿಯೋಇಮ್ಯುನೋಬ್ಲಾಸ್ಟಿಕ್ ಎಂಬ ಟಿ ಕೋಶಗಳ ಲಿಂಫೋಮಾ, ಅದರ ಜೊತೆಯಲ್ಲೇ ಇಬಿವಿ ಹೊತ್ತ ದೊಡ್ಡ ಬಿ ಕೋಶಗಳ ಲಿಂಫೋಮಾ ಎಂದು ವರದಿ ಬಂತು. ಆ ಹೆಸರುಗಳನ್ನು ಸರಿಯಾಗಿ ಉಚ್ಚರಿಸಲು ನನಗೆ ಒಂದು ವಾರ ಹಿಡಿಯಿತು.

ಬ್ಲಾಕ್ ವಿಷಯದಲ್ಲಿ ನಾನು ಪಟ್ಟ ಪಾಡನ್ನು ಹೇಳಿಬಿಡುತ್ತೇನೆ. ಮೊದಲ ಲ್ಯಾಬಿನವರು ಹನ್ನೊಂದು ದಿನ ‘ಸಿಗುತ್ತಿಲ್ಲ’ ಎಂದರು. ಹನ್ನೆರಡನೆಯ ದಿನ ನಾನು ಅರ್ಜಿಯ ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕರಿಸಿದ್ದಕ್ಕೆ ಮೊಹರು ಹಾಕಿಕೊಡಿ ಎಂದು ಕಿಟಕಿಯ ಮುಂದೆ ನಿಂತೆ. ಅರ್ಧ ಗಂಟೆಯಲ್ಲಿ ಇನ್ನೊಂದು ಬೀರುವಿನಲ್ಲಿ ಸಿಕ್ಕಿತು. ತಾವೂ ಮೊಹರಿನ ಪ್ರತಿ ಇಟ್ಟುಕೊಳ್ಳಿ.

ರಿಟುಕ್ಸಿಮ್ಯಾಬ್ ಸೇರಿಸಿದ ಚಾಪ್ ಆರು ಸೈಕಲ್ ಆಯಿತು, ಸ್ಕ್ಯಾನ್ ಶುಭ್ರವಾಯಿತು. ಹದಿಮೂರು ತಿಂಗಳ ನಂತರ ಕಂಕುಳಲ್ಲಿ ಮತ್ತೆ ಗಂಟು. ಆ ಹೊತ್ತಿಗೆ ನೋಡುತ್ತಿದ್ದ ವೈದ್ಯರೊಬ್ಬರು, ಕಾಯಿಲೆ ಗೊತ್ತೇ ಇದೆಯಲ್ಲ, ಬಯಾಪ್ಸಿ ಯಾಕೆ, ರಿಟುಕ್ಸಿಮ್ಯಾಬ್ ಜೊತೆ ಬೆಂಡಮಸ್ಟಿನ್ ಕೊಡೋಣ ಎಂದರು. ನನ್ನ ಮಗಳು ಒಪ್ಪದೆ ಹಠ ಹಿಡಿದು ಗಂಟು ತೆಗೆಸಿದಳು. ಈ ಸಲ ಅದರಲ್ಲಿದ್ದದ್ದು ಟಿ ಕೋಶಗಳು ಮಾತ್ರ. ಬಿ ಕೋಶಗಳ ಕಾಯಿಲೆಯ ಸುಳಿವೇ ಇರಲಿಲ್ಲ. ಟಿ ಕೋಶದ ಮೈಮೇಲೆ ಸಿಡಿ20 ಇರುವುದಿಲ್ಲ, ಹಾಗಾಗಿ ರಿಟುಕ್ಸಿಮ್ಯಾಬ್‌ಗೆ ಅಲ್ಲಿ ಹಿಡಿಯಲು ಏನೂ ಇಲ್ಲ ಎಂದು ಬೇರೆ ವೈದ್ಯರು ವಿವರಿಸಿದರು. ಔಷಧ ಬದಲಾಯಿತು, ಅದಕ್ಕೆ ಕಾಯಿಲೆ ಬಗ್ಗಿದ ಮೇಲೆ ಆಕೆಯದೇ ಕಾಂಡಕೋಶಗಳನ್ನು ತೆಗೆದಿಟ್ಟು ಕಸಿ ಮಾಡಿದರು. ಈಗ ಎರಡು ವರ್ಷ ಕಳೆದಿದೆ.

ಇನ್ನೊಂದು ಮಾತು, ಇದು ನನ್ನದೇ ತಪ್ಪು. ಎರಡನೆಯ ಸೈಕಲ್ ಆದ ಹತ್ತನೆಯ ದಿನ ರಾತ್ರಿ ಎರಡು ಗಂಟೆಗೆ ಜ್ವರ 101 ತೋರಿಸಿತು. ಚಿಕ್ಕಬಳ್ಳಾಪುರದಲ್ಲೇ ಆಸ್ಪತ್ರೆ ಇದ್ದರೂ, ಕೀಮೋ ಕೊಟ್ಟವರೇ ನೋಡಲಿ ಎಂದು ಕಾರು ಗೊತ್ತುಮಾಡಿ ಬೆಂಗಳೂರಿಗೆ ಹೊರಟೆ. ದೇವನಹಳ್ಳಿ ದಾಟುವಷ್ಟರಲ್ಲಿ ಆಕೆ ಮಾತಿಗೆ ಉತ್ತರ ಕೊಡುತ್ತಿರಲಿಲ್ಲ; ರಕ್ತದೊತ್ತಡ ಬಿದ್ದುಹೋಗಿತ್ತು. ಐದು ದಿನ ಐಸಿಯುನಲ್ಲಿದ್ದು ಬದುಕಿಕೊಂಡಳು.

ಖರ್ಚಿನ ವಿಷಯ ಯಾರೂ ಬರೆದಿಲ್ಲ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ನಿಗದಿತ ದರದ ಶೇಕಡಾ 30, ಅದೂ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಹೊರಡುವ ಮೊದಲು ಜಿಲ್ಲಾ ಆಸ್ಪತ್ರೆಯ ರೆಫರಲ್ ಪತ್ರ ಮಾಡಿಸಿಕೊಳ್ಳಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಜನಜಂಗುಳಿ ಇರುತ್ತದೆ, ಬೆಳಗಿನ ಮೊದಲ ಬಸ್ಸಿಗೇ ಹೋಗುವುದು ಮೇಲು.

ಪ್ರಶ್ನೆ ಕೇಳಿದವರಿಂದ: ಶ್ರೀನಿವಾಸಪುರ

ಎಲ್ಲರಿಗೂ ನಮಸ್ಕಾರ. ಕೀಮೋ ದಿನಾಂಕವನ್ನು ಮುಂದೂಡಲು ಹೇಳಿದ್ದೇವೆ. ಅಲ್ಲಿನ ವೈದ್ಯರು ಮೊದಲು ಬೇಸರಪಟ್ಟರೂ ಎರಡನೆಯ ವರದಿಯನ್ನು ಓದಿದ ಮೇಲೆ ಒಪ್ಪಿದರು. ಮೇಷ್ಟ್ರೇ, ತಮ್ಮ ಮನೆಯವರ ವಿಷಯ ಓದಿ ತಂದೆಯವರು ತಾವೇ ಥರ್ಮಾಮೀಟರ್ ತರಿಸಿಕೊಂಡಿದ್ದಾರೆ. ಡಾಕ್ಟರೇ, ಇನ್ನೂ ಒಂದು ಸಂದೇಹವಿದೆ. ಕ್ಷಯದ ಮಾತ್ರೆಗಳು ಈಗಲೂ ನಡೆಯುತ್ತಿವೆ. ಲಿಂಫೋಮಾ ಎಂದು ಗೊತ್ತಾದ ಮೇಲೆ ಅವನ್ನು ನಾವೇ ನಿಲ್ಲಿಸಬಹುದೇ?

ಉತ್ತರ 5: ಕ್ಯಾನ್ಸರ್ ವೈದ್ಯ, ಮುಳಬಾಗಿಲು ಮೂಲ

ತಾವಾಗಿಯೇ ನಿಲ್ಲಿಸಬೇಡಿ. ಕ್ಷಯವೂ ಲಿಂಫೋಮಾವೂ ಒಟ್ಟಿಗೇ ಇರುವವರನ್ನು ನಾನು ನೋಡಿದ್ದೇನೆ. ಆದರೆ ಕೀಮೋಗೆ ಮುಂಚೆ ಈ ಪ್ರಶ್ನೆ ಇತ್ಯರ್ಥವಾಗಲೇಬೇಕು. ಮಾತ್ರೆಗಳಲ್ಲಿರುವ ರಿಫಾಂಪಿಸಿನ್ ಯಕೃತ್ತನ್ನು ಚುರುಕುಗೊಳಿಸಿ, ಪ್ರೆಡ್ನಿಸೊಲೋನ್, ವಿನ್‌ಕ್ರಿಸ್ಟಿನ್ ಮುಂತಾದ ಔಷಧಗಳನ್ನು ದೇಹ ಬೇಗ ಹೊರಹಾಕುವಂತೆ ಮಾಡುತ್ತದೆ. ಕೊಟ್ಟ ಪ್ರಮಾಣ ಕಾಗದದ ಮೇಲಿರುತ್ತದೆ, ರಕ್ತದಲ್ಲಿ ಇರುವುದಿಲ್ಲ. ಜೊತೆಗೆ ಐಸೋನಿಯಜಿಡ್ ಮತ್ತು ವಿನ್‌ಕ್ರಿಸ್ಟಿನ್ ಎರಡೂ ಕೈಕಾಲಿನ ನರಗಳಿಗೆ ಜೋಮು ತರುತ್ತವೆ. ಮೇಡಂ ಅವರು ಬ್ಲಾಕನ್ನು ಓದುವವರಿಗೆ ಕ್ಷಯದ ರೋಗಾಣುವಿನ ಬಣ್ಣವನ್ನೂ ಹಾಕಲು ಹೇಳಿದರೆ ಒಳ್ಳೆಯದು. ಬೇರೆ ಗಂಟಿನಿಂದ ತುಂಡು ತೆಗೆಯುವ ಸಂದರ್ಭ ಬಂದರೆ ಅದರಲ್ಲೊಂದು ಚೂರು ಫಾರ್ಮಲಿನ್‌ಗೆ ಹಾಕದೆ ಕಲ್ಚರ್‌ಗೆ ಹೋಗಲಿ. ಆ ಉತ್ತರಗಳನ್ನು ಇಟ್ಟುಕೊಂಡು ಕ್ಷಯದ ವೈದ್ಯರೂ ಲಿಂಫೋಮಾ ವೈದ್ಯರೂ ಕೂಡಿ ತೀರ್ಮಾನಿಸಬೇಕು. ಹೊಸ ವೈದ್ಯರ ಬಳಿ ಹೋದಾಗ ಮಾತ್ರೆಯ ಖಾಲಿ ಹಾಳೆಯನ್ನೇ ತೋರಿಸಿ. ‘ಟಿಬಿ ಮಾತ್ರೆ’ ಎಂಬ ಬಾಯಿಮಾತು ಚೀಟಿಯಲ್ಲಿ ಬರೆಯದೆ ಉಳಿದುಹೋಗುತ್ತದೆ.

ಮೇಷ್ಟ್ರು ಬರೆದ ಜ್ವರದ ಘಟನೆಯ ಬಗ್ಗೆ: ಕೀಮೋ ಆದ ಏಳರಿಂದ ಹದಿನಾಲ್ಕನೆಯ ದಿನದವರೆಗೆ ಬಿಳಿ ರಕ್ತಕಣಗಳು ಅತಿ ಕೆಳಗಿರುತ್ತವೆ. ಆಗ ಜ್ವರ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಪ್ಯಾರಾಸಿಟಮಾಲ್ ನುಂಗಿ ಬೆಳಗಿನವರೆಗೆ ಕಾಯುವಂತಿಲ್ಲ. ಶ್ರೀನಿವಾಸಪುರದಿಂದ ಬೆಂಗಳೂರು ನೂರು ಕಿಲೋಮೀಟರ್ ಆಸುಪಾಸು. ಕೋಲಾರ ಅದರ ಕಾಲುಭಾಗದ ಆಸುಪಾಸು. ಮೊದಲ ಆಂಟಿಬಯಾಟಿಕ್ ಇಂಜೆಕ್ಷನ್ ಒಂದು ಗಂಟೆಯೊಳಗೆ ರಕ್ತಕ್ಕೆ ಸೇರಬೇಕು, ಅದು ಕೋಲಾರದಲ್ಲೇ ಆಗಲಿ. ಬೆಂಗಳೂರಿಗೆ ಫೋನ್ ಮಾಡಿ, ಸ್ಥಿತಿ ನೋಡಿಕೊಂಡು ಆಮೇಲೆ ಹೊರಡಬಹುದು. ಕೀಮೋ ಕೊಡುವವರಿಂದ ‘ಈ ರೋಗಿಗೆ ಇಂಥ ದಿನ ಕೀಮೋ ಆಗಿದೆ, ಜ್ವರ ಬಂದರೆ ಈ ಇಂಜೆಕ್ಷನ್ ಕೊಡಿ’ ಎಂಬ ಚೀಟಿಯನ್ನು ಮೊದಲ ದಿನವೇ ಬರೆಸಿ ತಂದೆಯವರ ಜೇಬಿನಲ್ಲಿಡಿ.

ಪ್ರಶ್ನೆ ಕೇಳಿದವರಿಂದ: ಶ್ರೀನಿವಾಸಪುರ

ಇಂದು ಲ್ಯಾಬಿಗೆ ಹೋಗಿದ್ದೆ. ಬ್ಲಾಕ್ ಒಂದಲ್ಲ, ಮೂರು ಇದ್ದವು. ಮೊದಲ ವರದಿ ಬಂದಿದ್ದು ‘ಎ’ ಎಂದು ಬರೆದ ಬ್ಲಾಕಿನಿಂದ ಮಾತ್ರ ಎಂದು ಅಲ್ಲಿನ ಟೆಕ್ನಿಷಿಯನ್ ರಿಜಿಸ್ಟರ್ ತೆಗೆದು ತೋರಿಸಿದರು. ಮೂರನ್ನೂ ಹತ್ತಿಯಲ್ಲಿ ಸುತ್ತಿ ತಂದೆಯವರ ಹಳೆಯ ಕನ್ನಡಕದ ಡಬ್ಬಿಯಲ್ಲಿಟ್ಟಿದ್ದೇನೆ. ಅರ್ಜಿಯ ಪ್ರತಿಗೆ ಮೊಹರು ಹಾಕಿಸಿಕೊಂಡೆ. ನಾಳೆ ಮೊದಲ ಬಸ್ಸಿಗೆ ಬೆಂಗಳೂರಿಗೆ ಹೊರಡುತ್ತಿದ್ದೇವೆ, ವರದಿ ಬಂದ ಮೇಲೆ ಇಲ್ಲಿಯೇ ಬರೆಯುತ್ತೇನೆ.